ಸುಬ್ಬರಾವ್ ತಯಾರಿಸಿದ ಔಷಧ, ಅದನ್ನು ಹೊರದಬ್ಬುವ ಪಂಪು

ಯಲ್ಲಾಪ್ರಗಡ ಸುಬ್ಬರಾವ್ ಹೆಸರು ಬಂದಾಗಲೆಲ್ಲ ನಮ್ಮಲ್ಲಿ ಒಂದೇ ರಾಗ. ನೊಬೆಲ್ ಕೊಡಲಿಲ್ಲ, ಹಾರ್ವರ್ಡ್ ಕೆಲಸ ಕಾಯಂ ಮಾಡಲಿಲ್ಲ, ಭಾರತ ಮರೆತೇಬಿಟ್ಟಿತು. ಇವೆಲ್ಲ ನಿಜವೇ. ಆದರೆ ಫಾರ್ಮಸಿ ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದ ನನಗೆ ಈ ಗೋಳು ಕೇಳಿ ಕೇಳಿ ಸಾಕಾಗಿದೆ. ಅವರಿಗೆ ಏನು ಸಿಗಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಅವರು ಮಾಡಿದ್ದೇನು ಅಂತ ಕೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ.

ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ಬಡತನದ ಮನೆ. ಹುಡುಗ ಒಮ್ಮೆ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಮನೆ ಬಿಟ್ಟು ಓಡಿದ್ದನಂತೆ, ತಾಯಿ ವೆಂಕಮ್ಮ ಬಿಡಲಿಲ್ಲ. ಮೆಟ್ರಿಕ್ ದಾಟಿದ್ದು ಮೂರನೇ ಪ್ರಯತ್ನದಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದ ಮೇಲೆ ಗಾಂಧಿಯ ಕರೆಗೆ ಓಗೊಟ್ಟು ಖಾದಿಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಇಂಗ್ಲಿಷ್ ಪ್ರೊಫೆಸರ್‌ಗೆ ಅದು ಹಿಡಿಸಲಿಲ್ಲ. ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್.

ಈ ನಡುವೆ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಉಂಡದ್ದು ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಕಡಿಮೆಯಾಗಿ ಸೊರಗುವ ರೋಗ ಅದು. 1922ರಲ್ಲಿ ಮಾವನ ಮನೆಯವರ ನೆರವಿನಿಂದ ಬಾಸ್ಟನ್‌ಗೆ ಹೊರಟಾಗ ಹೆಂಡತಿ ಶೇಷಗಿರಿಯನ್ನು ಊರಿನಲ್ಲೇ ಬಿಟ್ಟಿದ್ದರು. ಮತ್ತೆ ಅವರ ಮುಖ ನೋಡಲಿಲ್ಲ. ಹುಟ್ಟಿದ ಮಗುವೂ ಉಳಿಯಲಿಲ್ಲ. ಸಾಧಕರ ಜೀವನ ಬರೆಯುವವರು ಈ ಸಾಲನ್ನು ಬೇಗ ದಾಟಿಹೋಗ್ತಾರೆ, ನನಗೆ ದಾಟೋಕೆ ಆಗಲ್ಲ.

ಹಾರ್ವರ್ಡ್‌ನಲ್ಲಿ ಓದು, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾಕರಿ. ಅಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ 1925ರಲ್ಲಿ ರಂಜಕವನ್ನು ಬಣ್ಣದ ಮೂಲಕ ಅಳೆಯುವ ವಿಧಾನ ಪ್ರಕಟಿಸಿದರು. ಜೀವರಸಾಯನದ ಪ್ರಯೋಗಾಲಯಗಳಲ್ಲಿ ಫಿಸ್ಕ್–ಸುಬ್ಬರಾವ್ ವಿಧಾನ ದಶಕಗಳ ಕಾಲ ಮನೆಮಾತು. ಅದೇ ಅಳತೆಗೋಲು ಹಿಡಿದು 1927ರಲ್ಲಿ ಸ್ನಾಯುವಿನ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಕಂಡರು. ಎಟಿಪಿಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಪ್ರತ್ಯೇಕವಾಗಿ ಕಂಡಿದ್ದರು. ಜೀವಕೋಶದ ಬಹುಪಾಲು ಕೆಲಸಗಳಿಗೆ ಇಂಧನ ಈ ಎಟಿಪಿಯೇ.

1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯ ಸೇರಿದರು. ಅವರ ತಂಡ 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದೇ ಮದ್ದಾಯಿತು, ಸೋದರರು ಸತ್ತು ಇಪ್ಪತ್ತೈದು ವರ್ಷದ ಮೇಲೆ. ಆನೆಕಾಲು ರೋಗಕ್ಕೆ ಇವತ್ತೂ ಕಲಬುರಗಿ, ಬೀದರ್ ಕಡೆ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹಂಚುವ ಡಿಇಸಿ ಮಾತ್ರೆ ಕೂಡ ಅದೇ ಪ್ರಯೋಗಾಲಯದ್ದು.

ಆಮೇಲೆ ನಡೆದದ್ದು ಇನ್ನೂ ದೊಡ್ಡದು. ಬಾಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲದ ಬಗೆಯ ವಸ್ತು ಕೊಟ್ಟರೆ ರಕ್ತ ಕ್ಯಾನ್ಸರ್ ಇನ್ನಷ್ಟು ಜೋರಾಗುವುದನ್ನು ಗಮನಿಸಿದರು. ಹಾಗಾದರೆ ಅದನ್ನು ತಡೆಯುವ ವಸ್ತು ಕೊಟ್ಟರೆ? ಸುಬ್ಬರಾವ್ ತಂಡ ಅಮಿನಾಪ್ಟೆರಿನ್ ಮಾಡಿ ಕಳಿಸಿತು. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಮಾಡಿದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಆದರೆ ತಾತ್ಕಾಲಿಕವಾಗಿ. ರೋಗ ಮರಳಿ ಬಂತು, ಈ ಸಲ ಔಷಧ ನಾಟಲಿಲ್ಲ.

ಯಾಕೆ ನಾಟಲಿಲ್ಲ? ಇದೇ ನನಗೆ ಪಾಠದ ಹೃದಯಭಾಗ. ಜೀವಕೋಶದ ಪೊರೆ ಜಿಡ್ಡಿನದು. ಫೋಲೇಟ್ ಬಗೆಯ ವಸ್ತುಗಳು ನೀರಿನಲ್ಲಿ ಕರಗುವಂಥವು, ವಿದ್ಯುದಾವೇಶ ಹೊತ್ತವು, ಅಷ್ಟು ಸುಲಭಕ್ಕೆ ಒಳಗೆ ನುಸುಳಲಾರವು. ಅವನ್ನು ಒಳಗೆ ಬಿಟ್ಟುಕೊಳ್ಳಲೆಂದೇ ಪೊರೆಯಲ್ಲಿ ಸಾಗಣೆ ಪ್ರೋಟೀನ್ ಇದೆ. ಅಮಿನಾಪ್ಟೆರಿನ್ ಮತ್ತು ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಫೋಲೇಟ್‌ನ ವೇಷದಲ್ಲಿ ಇದೇ ಬಾಗಿಲಿನಿಂದ ಹೋಗುತ್ತವೆ. ಜಾಣ ಕ್ಯಾನ್ಸರ್ ಕೋಶ ಆ ಬಾಗಿಲುಗಳ ಸಂಖ್ಯೆ ಕಡಿಮೆ ಮಾಡಿಕೊಂಡರೆ ಸಾಕು, ಔಷಧ ರಕ್ತದಲ್ಲಿ ಎಷ್ಟಿದ್ದರೇನು, ಒಳಗೆ ತಲುಪೋದೇ ಇಲ್ಲ. ಔಷಧ ಸೋಲುವುದಕ್ಕೆ ಬೇರೆ ಕಾರಣಗಳೂ ಇವೆ, ಇದು ಮುಖ್ಯವಾದವುಗಳಲ್ಲಿ ಒಂದು.

ಇನ್ನೊಂದು ಕಾರಣ ಹೊರದಬ್ಬುವ ಪಂಪುಗಳು. ಎಬಿಸಿ ಎಂಬ ಕುಟುಂಬದ ಈ ಪ್ರೋಟೀನುಗಳು ಒಳಬಂದ ಔಷಧವನ್ನು ಹಿಡಿದು ಆಚೆ ಎಸೆಯುತ್ತವೆ. ಆ ಹೆಸರಿನ ಮೊದಲ ಅಕ್ಷರ ಸೂಚಿಸುವುದು ಎಟಿಪಿಯನ್ನು. ಅಂದರೆ ಸುಬ್ಬರಾವ್ ಕಂಡ ಇಂಧನವನ್ನೇ ಸುಟ್ಟು, ಸುಬ್ಬರಾವ್ ತಂಡದ ಔಷಧವನ್ನೇ ಹೊರಹಾಕುವ ಯಂತ್ರ! ಇಂಥ ಪಂಪುಗಳಲ್ಲಿ ಮೊದಲು ಹೆಸರಾದ ಪಿ-ಗ್ಲೈಕೊಪ್ರೋಟೀನ್ ಪತ್ತೆಯಾದದ್ದು 1976ರಲ್ಲಿ. ಅವರಿಗೆ ಇದ್ಯಾವುದೂ ಗೊತ್ತಿರುವ ಸಾಧ್ಯತೆಯೇ ಇರಲಿಲ್ಲ.

ಇದು ಬರೀ ಪುಸ್ತಕದ ವಿಷಯ ಅಲ್ಲ. ಮೆಥೊಟ್ರೆಕ್ಸೇಟ್ ಇವತ್ತು ನಮ್ಮೂರುಗಳಲ್ಲಿ ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ. ದೇಹದಿಂದ ಅದು ಹೊರಹೋಗುವುದು ಹೆಚ್ಚಾಗಿ ಮೂತ್ರಪಿಂಡದ ಸಾಗಣೆ ಪ್ರೋಟೀನುಗಳ ಮೂಲಕ. ಕೆಲವು ನೋವಿನ ಮಾತ್ರೆಗಳು ಅದೇ ದಾರಿಗೆ ಅಡ್ಡ ನಿಲ್ಲುತ್ತವೆ, ಔಷಧ ರಕ್ತದಲ್ಲೇ ಉಳಿದು ವಿಷವಾಗಬಹುದು. ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತಾ ಎರಡನ್ನೂ ಕೊಡುವುದು ಬೇರೆ, ಮಂಡಿ ನೋವೆಂದು ಮೆಡಿಕಲ್ ಶಾಪಿಗೆ ಹೋಗಿ ತಾವೇ ಕೇಳಿ ತರುವುದು ಬೇರೆ. ಇನ್ನು ವಾರದ ಮಾತ್ರೆಯನ್ನು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಚೀಟಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದುಕೊಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳ್ತಾನೇ ಇರ್ತೀನಿ.

ಫಾರ್ಬರ್ ವರದಿ ಬಂದ ಎರಡು ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 53. ಅಮೆರಿಕದ ಪೌರತ್ವ ಪಡೆಯದೆಯೇ ಹೋದರು. ಇತ್ತ ಶೇಷಗಿರಿ ಇಪ್ಪತ್ತಾರು ವರ್ಷ ಕಾದಿದ್ದರು.