ಉಪಕುಲಪತಿ ಶ್ರೀಮಾನ್ ಡಿ. ಸಿ. ಪಾವಟೆಯವರು

ವಿದ್ಯೆಯನ್ನು ತಾವು ಸಂಪಾದಿಸಿ ಕೀರ್ತಿಶಾಲಿಗಳಾದವರು ಲೋಕದಲ್ಲಿ ಅನೇಕರುಂಟು. ಅನ್ಯರ ವಿದ್ಯಾರ್ಜನೆಗೆ ನೆಲೆಯನ್ನು ಕಟ್ಟಿಕೊಡುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರು ವಿರಳ. ಲಿಂಗೈಕ್ಯ ಶ್ರೀಮಾನ್ ದಾದಪ್ಪ ಚಿಂತಪ್ಪ ಪಾವಟೆಯವರು ಈ ವಿರಳರ ಪಂಕ್ತಿಗೆ ಸೇರಿದವರು.

ಇವರು 1899ನೆಯ ಇಸವಿಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರವೆಂಬ ಗ್ರಾಮದಲ್ಲಿ ಜನಿಸಿದರು. ಆಗ ಆ ಸೀಮೆಯು ಮುಂಬಯಿ ಇಲಾಖೆಗೆ ಒಳಪಟ್ಟಿದ್ದಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದುದೇ 1917ರಲ್ಲಿ; ಪದವಿಯನ್ನು ಕೊಡುವ ಅಧಿಕಾರವಾದರೋ ದೂರದ ಮುಂಬಯಿ ವಿಶ್ವವಿದ್ಯಾಲಯದ್ದು. ಇಂತಹ ಸೀಮೆಯ ಹಳ್ಳಿಯಿಂದ ಹೊರಟ ಪಾವಟೆಯವರು ಗಣಿತಶಾಸ್ತ್ರವನ್ನು ವ್ಯಾಸಂಗಮಾಡಿ, ಆಂಗ್ಲದೇಶದ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತೆರಳಿ, ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಪ್ರಥಮ ವರ್ಗದವರಿಗೆ ಸಲ್ಲುವ ರ‍್ಯಾಂಗ್ಲರ್ ಎಂಬ ಬಿರುದನ್ನು ಪಡೆದರು.

ಸ್ವದೇಶಕ್ಕೆ ಮರಳಿದ ಮೇಲೆ ಮುಂಬಯಿ ಸರಕಾರದ ವಿದ್ಯಾ ಇಲಾಖೆಯಲ್ಲಿ ಸೇವೆಗೈದು, ಕ್ರಮೇಣ ಅದರ ನಿರ್ದೇಶಕ ಪದವಿಗೆ ಏರಿದರು. ಶಾಲೆ, ಶಿಕ್ಷಕರು, ಆಯವ್ಯಯ ಇವುಗಳ ಚಿಂತೆಯಲ್ಲಿ ಗಣಿತದ ಏಕಾಂತ ವ್ಯಾಸಂಗಕ್ಕೆ ಅವಕಾಶವೆಲ್ಲಿ? ಆದರೆ ಆ ತ್ಯಾಗದ ಫಲವು ನಾಡಿಗೆ ಪ್ರಾಪ್ತವಾಯಿತು.

1949ರಲ್ಲಿ ಶಾಸನಬದ್ಧವಾಗಿ ಉದಯಿಸಿದ ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿ ಇನ್ನೂ ಶೈಶವದಲ್ಲಿದ್ದಾಗ, 1954ರಲ್ಲಿ ಪಾವಟೆಯವರು ಅದರ ಉಪಕುಲಪತಿಗಳಾದರು. 1967ರವರೆಗೆ, ಹದಿಮೂರು ವರ್ಷಗಳ ಪರ್ಯಂತ, ಆ ಭಾರವನ್ನು ಹೊತ್ತರು. ಛೋಟಾ ಮಹಾಬಳೇಶ್ವರವೆಂಬ ಗುಡ್ಡದ ಮೇಲೆ ವಿದ್ಯಾನಗರಿಯು ರೂಪುಗೊಂಡಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ, ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರ್ಗಿ, ಬೀದರ, ರಾಯಚೂರುಗಳ ವಿದ್ಯಾರ್ಥಿಗಳಿಗೂ ಈ ವಿಶ್ವವಿದ್ಯಾಲಯವೇ ಆಶ್ರಯವಾಯಿತು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದನಿಲಯದಂತಹ ಸ್ಥಾನಗಳಲ್ಲಿ ಉಂಡು ಓದಿದ ಬಡ ಒಕ್ಕಲುಮಕ್ಕಳಿಗೆ ಉಚ್ಚವಿದ್ಯೆಯ ಬಾಗಿಲು ಸಮೀಪದಲ್ಲಿಯೇ ತೆರೆಯಿತು. ಅನ್ನವನ್ನು ಮಠಗಳು ನೀಡಿದವು. ಅಕ್ಷರವನ್ನು ವಿಶ್ವವಿದ್ಯಾಲಯವು ನೀಡಿತು.

ಶರಣ ಸಾಹಿತ್ಯಾಭಿಮಾನಿಗಳು ಎಂದಿಗೂ ಮರೆಯಲಾಗದ ಕಾರ್ಯವೊಂದುಂಟು. ಶೂನ್ಯಸಂಪಾದನೆಯ ಆಂಗ್ಲಾನುವಾದವನ್ನು ವಿಶ್ವವಿದ್ಯಾಲಯವು ಕೈಕೊಂಡು, 1965ರಲ್ಲಿ ಮೊದಲನೆಯ ಸಂಪುಟವನ್ನು ಪ್ರಕಟಿಸಿದುದು ಇವರ ಆಡಳಿತದಲ್ಲಿಯೇ. ಡಾ|| ಎಸ್. ಸಿ. ನಂದೀಮಠ, ಪ್ರೊ. ಎಲ್. ಎಂ. ಎ. ಮೆನೆಜಿಸ್, ಡಾ|| ಆರ್. ಸಿ. ಹಿರೇಮಠ ಮೊದಲಾದ ವಿದ್ವಾಂಸರ ಪರಿಶ್ರಮದಿಂದ ಈ ಕಾರ್ಯವು ಐದು ಸಂಪುಟಗಳಲ್ಲಿ 1972ಕ್ಕೆ ಪೂರ್ಣಗೊಂಡಿತು. ಅನುಭವಮಂಟಪದ ಸಂವಾದವು ಕನ್ನಡವನ್ನರಿಯದ ಜಿಜ್ಞಾಸುಗಳಿಗೂ ಲಭ್ಯವಾಯಿತು.

1967ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಇವರಿಗೆ ಸಂದಿತು. ಅದೇ ವರ್ಷ ಪಂಜಾಬಿನ ರಾಜ್ಯಪಾಲರಾಗಿ ನಿಯುಕ್ತರಾಗಿ, 1973ರವರೆಗೆ ಆ ಸ್ಥಾನದಲ್ಲಿದ್ದರು. ಅಲ್ಲಿ ಎರಡಾವರ್ತಿ ರಾಷ್ಟ್ರಪತಿ ಆಳ್ವಿಕೆಯು ಜಾರಿಯಾದಾಗ ರಾಜ್ಯಭಾರದ ಹೊಣೆಯು ಇವರ ಮೇಲೆಯೇ ಬಿದ್ದಿತು. ಶಿಕ್ಷಣಾಡಳಿತದ ತಮ್ಮ ಅನುಭವಗಳನ್ನು ಇವರು ಆಂಗ್ಲಭಾಷೆಯಲ್ಲಿ ಗ್ರಂಥರೂಪವಾಗಿಯೂ ಬರೆದಿಟ್ಟಿರುವರು. 1979ರಲ್ಲಿ ಲಿಂಗೈಕ್ಯರಾದರು.

ವಿಶ್ವವಿದ್ಯಾಲಯವಿರುವ ನೆಲೆಯು ಇಂದು ಪಾವಟೆನಗರವೆಂದೇ ಕರೆಯಲ್ಪಡುತ್ತಿದೆ. ಆದರೆ ಹೆಸರಿಗಿಂತಲೂ ಹಿರಿದಾದ ಸ್ಮಾರಕವು, ಹಳ್ಳಿಗಳಿಂದ ಬಂದು ಆ ಗುಡ್ಡವನ್ನೇರಿ ವಿದ್ಯಾವಂತರಾಗಿ ಇಳಿದವರ ಬಾಳಿನಲ್ಲಿರುವುದು. ಗಣಿತವನ್ನು ಬಲ್ಲವರಾದರೂ ತಮ್ಮ ಲಾಭವನ್ನು ಗಣಿಸದೆ ದುಡಿದ ಈ ಹಿರಿಯರ ಕಾಯಕವು ಶಿಷ್ಯವರ್ಗಕ್ಕೆ ಸದಾ ಆದರ್ಶವಾಗಿರಲಿ.