ಐವತ್ತು ಸಾವುಗಳ ಪಟ್ಟಿ ಬರೆದ ಡಾಕ್ಟರ್

ಹೋದ ವರ್ಷ ಮಳೆಗಾಲದ ಕೊನೆಗೆ ನಮ್ಮ ಕಾಕಾ ತೀರಿಕೊಂಡರು. ನಮ್ಮದು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ. ಎರಿ ಹೊಲ, ಹಿಂಗಾರಿಗೆ ಕಡ್ಲಿ, ಜ್ವಾಳ. ಕಾಕಾಗೆ ಮೊಣಕಾಲು ನೋವು ಬಹಳ ದಿನದಿಂದ ಇತ್ತು. ಒಂದು ದವಾಖಾನೆಯಲ್ಲಿ ಗುಳಿಗಿ ಕೊಟ್ಟರು. ಕಡಿಮೆ ಆಗಲಿಲ್ಲ ಅಂತ ಇನ್ನೊಂದು ಕಡೆ ಹೋದರು, ಅಲ್ಲೂ ಗುಳಿಗಿ. ನಡುವೆ ಜ್ವರ ಬಂತು, ಅಂಗಡಿಯಿಂದ ಮತ್ತೊಂದು ಗುಳಿಗಿ. ಸಂಜೆ ಸ್ವಲ್ಪ ಕುಡಿಯುವ ಚಟಾನೂ ಇತ್ತು. ಕಣ್ಣು ಹಳದಿ ಆದಾಗ ಎಲ್ಲರೂ ಕಾಮಣಿ ಅಂದರು, ಗಿಡಮೂಲಿಕೆ ಔಷಧಿ ಕೊಡಿಸಿದರು. ಹುಬ್ಬಳ್ಳಿಗೆ ಕರಕೊಂಡು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ದಿನಕರ್ಮ ಆದ ಮೇಲೆ ನಮ್ಮ ದೊಡ್ಡಪ್ಪನ ಮಗಳು, ಬಿ.ಫಾರ್ಮ ಓದುವ ಅಕ್ಕ, ಕಾಕಾನ ಗುಳಿಗಿ ಡಬ್ಬಿ ತೆಗೆದು ಸ್ಟ್ರಿಪ್‌ಗಳ ಹಿಂದಿನ ಸಣ್ಣ ಅಕ್ಷರ ಓದಿದಳು. ಹೆಸರು ಮೂರು, ಬಣ್ಣ ಮೂರು. ಮೂರರಲ್ಲೂ ಪ್ಯಾರಾಸಿಟಮಾಲ್ ಇತ್ತು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ದಾಟಿದರೆ ಲಿವರ್‌ಗೆ ಪೆಟ್ಟು, ಕುಡಿಯುವವರಿಗೆ ಅದಕ್ಕಿಂತ ಕಡಿಮೇನೇ ಹೆಚ್ಚು ಅಂತ ಅವಳು ಹೇಳಿದಳು. ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಅಪ್ಪ ತಲಾಟಿ ಹತ್ತಿರ ಫಾರ್ಮ್ ತುಂಬಿಸುವಾಗ ಕಾರಣದ ಜಾಗದಲ್ಲಿ ಕಾಮಣಿ ಅಂತಾನೇ ಬರೆಸಿದ್ದರು. ನಮ್ಮ ಕೈಗೆ ಬರುವ ಮರಣ ಪ್ರಮಾಣಪತ್ರದಲ್ಲಂತೂ ಕಾರಣ ಬರೆಯುವ ಸಾಲೇ ಇರುವುದಿಲ್ಲ. ಮೂರು ಸ್ಟ್ರಿಪ್ ಎಲ್ಲೂ ದಾಖಲಾಗಲಿಲ್ಲ.

ಆವತ್ತು ಅಕ್ಕ ಒಂದು ಹೆಸರು ಹೇಳಿದಳು: ಜಾನ್ ಸ್ನೋ. ನಾನು ಗೇಮ್ ಆಫ್ ಥ್ರೋನ್ಸ್ ಅಂದುಕೊಂಡೆ. ಬೈದಳು. ಆಮೇಲೆ ಓದುತ್ತಾ ಹೋದೆ. ಕಾಲರಾ ಮ್ಯಾಪ್ ಮಾಡಿದ ಡಾಕ್ಟರ್ ಅಂತ ಡೇಟಾ ಸೈನ್ಸ್ ಕ್ಲಾಸಿನಲ್ಲಿ ಒಂದು ಸ್ಲೈಡ್ ಬರುತ್ತದಲ್ಲ, ಅವರೇ. ಆದರೆ ಆ ಸ್ಲೈಡಿನಲ್ಲಿ ಇಲ್ಲದ ಅರ್ಧ ಕತೆ ಇದೆ. ಅವರ ಹೊಟ್ಟೆಪಾಡಿನ ಕೆಲಸ ಕಾಲರಾ ಅಲ್ಲ, ಆಪರೇಷನ್‌ಗೆ ಮೊದಲು ಜನರಿಗೆ ಪ್ರಜ್ಞೆ ತಪ್ಪಿಸುವುದು. ಆ ಔಷಧಿಯ ಡೋಸ್ ಹೆಚ್ಚಾಗಿ ಸತ್ತವರನ್ನು ಅವರು ಒಬ್ಬೊಬ್ಬರನ್ನಾಗಿ ಲೆಕ್ಕ ಹಾಕಿದರು.

ಜಾನ್ ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ದೊಡ್ಡವರು. ಅಪ್ಪ ಕೂಲಿ ಮಾಡುತ್ತಿದ್ದವರು. ಮನೆ ನದಿ ದಂಡೆಯ ಬಡವರ ಓಣಿಯಲ್ಲಿ. 14ನೇ ವಯಸ್ಸಿಗೆ ನ್ಯೂಕ್ಯಾಸಲ್‌ನ ಒಬ್ಬ ಸರ್ಜನ್ ಹತ್ತಿರ ಕೆಲಸ ಕಲಿಯಲು ಹೋದರು. ನಾವು ಎಂಟನೇ ಕ್ಲಾಸಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಓಡಾಡುವ ವಯಸ್ಸು ಅದು. ಕಾಲರಾ ಅಲ್ಲಿಗೆ ಬಂದಾಗ ಸ್ನೋಗೆ 18-19 ವಯಸ್ಸು, ಅಂದರೆ ನನ್ನ ವಯಸ್ಸು. ಕಿಲ್ಲಿಂಗ್‌ವರ್ತ್ ಕಲ್ಲಿದ್ದಲು ಗಣಿಯವರನ್ನು ನೋಡಿಕೊಳ್ಳಲು ಅವರನ್ನು ಕಳಿಸಿದರು. ಗಣಿಯ ಒಳಗೆ ಪಾಯಖಾನೆ ಇಲ್ಲ, ಕೈ ತೊಳೆಯಲು ನೀರಿಲ್ಲ, ಅದೇ ಕೈಯಲ್ಲಿ ಊಟ. ಇದನ್ನು ಅವರು ಮರೆಯಲಿಲ್ಲ.

ಸುಮಾರು 17ನೇ ವಯಸ್ಸಿಗೆ ಒಂದು ಪುಸ್ತಕ ಓದಿ ಮಾಂಸ ಬಿಟ್ಟರು. ದಾರೂ ವಿರುದ್ಧದ ಚಳವಳಿಗೂ ಸೇರಿದರು. 1836ರಲ್ಲಿ ಲಂಡನ್‌ಗೆ ಓದಲು ಬಂದು, ಸೋಹೋ ಎಂಬ ಇಕ್ಕಟ್ಟಾದ ಪೇಟೆಯಲ್ಲಿ ರೂಮ್ ಮಾಡಿದರು. 1838ರಲ್ಲಿ ಸರ್ಜನ್ ಆದರು, 1844ರಲ್ಲಿ ಎಂ.ಡಿ. ಮದುವೆ ಆಗಲಿಲ್ಲ. ಮಾತು ಕಡಿಮೆ, ಧ್ವನಿ ಒಡಕು, ಪೇಷಂಟ್‌ಗಳೂ ಕಡಿಮೆ. ಹಿಂಗಿದ್ದವರಿಗೆ ತಮ್ಮ ಕೆಲಸ ಸಿಕ್ಕಿದ್ದು 1846ರ ಕೊನೆಗೆ, 33ನೇ ವಯಸ್ಸಿನಲ್ಲಿ.

ಆ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದ್ದರು. ಡಿಸೆಂಬರ್ ಹೊತ್ತಿಗೆ ಸುದ್ದಿ ಲಂಡನ್ ಮುಟ್ಟಿತು. ಎಲ್ಲರೂ ಮಾಡಲು ಶುರು ಮಾಡಿದರು, ಆದರೆ ಒಬ್ಬರಿಗೆ ನಿದ್ದೆ ಬರುತ್ತಿತ್ತು, ಇನ್ನೊಬ್ಬರು ಒದ್ದಾಡುತ್ತಿದ್ದರು. ಕೆಲವರ ಮೈಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ ಅಂತ ಡಾಕ್ಟರ್‌ಗಳು ಕೈ ತೊಳೆದುಕೊಂಡರು. ಸ್ನೋ ಮಾತ್ರ ಮೈಯನ್ನು ಬಿಟ್ಟು ಥರ್ಮಾಮೀಟರ್ ನೋಡಿದರು. ರೂಮ್ ತಣ್ಣಗಿದ್ದರೆ ಈಥರ್ ಕಡಿಮೆ ಆವಿ ಆಗುತ್ತದೆ, ಬೆಚ್ಚಗಿದ್ದರೆ ಜಾಸ್ತಿ. ಹಂಗಾದರೆ ಅದೇ ಬಾಟಲಿಯಿಂದ ಬೇರೆ ಬೇರೆ ದಿನ ಬೇರೆ ಬೇರೆ ಡೋಸ್ ಹೋಗುತ್ತಿದೆ. 1847ರ ಜನವರಿಯಲ್ಲೇ ಯಾವ ಉಷ್ಣತೆಗೆ ಗಾಳಿ ಎಷ್ಟು ಈಥರ್ ಹಿಡಿಯುತ್ತದೆ ಅನ್ನುವ ಟೇಬಲ್ ಪ್ರಕಟಿಸಿದರು. ಆವಿಯ ಡಬ್ಬಿಯನ್ನು ನೀರಿನಲ್ಲಿ ಇಟ್ಟು ಉಷ್ಣತೆ ಒಂದೇ ಇರುವಂತೆ ಒಂದು ಇನ್‌ಹೇಲರ್ ಮಾಡಿಸಿದರು. ಇಷ್ಟು ಓದಿದಾಗ ನನಗೆ ಇವರು ಡಾಕ್ಟರ್ ಅನ್ನುವುದಕ್ಕಿಂತ ನಮ್ಮ ಬ್ರಾಂಚಿನವರು ಅನ್ನಿಸಿತು.

ಅದೇ ವರ್ಷ ನವೆಂಬರ್‌ನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ತಂದರು. ಕ್ಲೋರೋಫಾರ್ಮ್‌ಗೆ ಯಂತ್ರ ಬೇಕಿಲ್ಲ, ಕರ್ಚೀಫ್ ಮೇಲೆ ಸುರಿದು ಮೂಗಿಗೆ ಹಿಡಿದರೆ ಸಾಕು, ಈಥರ್‌ಗಿಂತ ಬೇಗ ನಿದ್ದೆ. ಎಲ್ಲರೂ ಕುಣಿದಾಡಿದರು. ಮೂರು ತಿಂಗಳೂ ಆಗಿರಲಿಲ್ಲ, 1848ರ ಜನವರಿ 28ರಂದು ನ್ಯೂಕ್ಯಾಸಲ್ ಹತ್ತಿರದ ಹಳ್ಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಮೊದಲೊಮ್ಮೆ ಈಥರ್ ಕೊಟ್ಟು ಇನ್ನೊಂದು ಉಗುರು ತೆಗೆದಿದ್ದರು, ಏನೂ ಆಗಿರಲಿಲ್ಲ. ಈ ಸಲ ಬಟ್ಟೆಯ ಮೇಲೆ ಸುಮಾರು ಒಂದು ಚಮಚ. ಎರಡು ಮೂರು ನಿಮಿಷದಲ್ಲಿ ಹುಡುಗಿ ಸತ್ತಳು. ಉಗುರಿನ ಸಲುವಾಗಿ.

ಯಾಕೆ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಎಬ್ಬಿಸಲು ಬಾಯಿಗೆ ಹಾಕಿದ ನೀರು, ಬ್ರಾಂಡಿ ಉಸಿರು ಕಟ್ಟಿಸಿತು ಅಂತ ಸಿಂಪ್ಸನ್ ವಾದ ಮಾಡಿದರು. ಮುಂದಿನ ಸಾವುಗಳಿಗೂ ಹೃದಯ ವೀಕ್ ಇತ್ತು, ಹೆದರಿದ್ದರು, ಅವರ ಪ್ರಕೃತಿಯೇ ಹಂಗೆ ಅನ್ನುವ ಕಾರಣಗಳು ಬಂದವು. ಅವರ ಹಣೆಬರಹ ಅಂತ ನಮ್ಮ ಕಡೆ ಅನ್ನುತ್ತೇವಲ್ಲ, ಅದೇ ಮಾತಿಗೆ ಕೋಟು ಹಾಕಿದಂಗ.

ಸ್ನೋ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಗಾಳಿಯಲ್ಲಿ ಕ್ಲೋರೋಫಾರ್ಮ್ 4-5 ಶೇಕಡಾ ಇದ್ದರೆ ನಿದ್ದೆ ನಿಧಾನವಾಗಿ ಬರುತ್ತದೆ, ನಿಲ್ಲಿಸಲು ಟೈಮ್ ಸಿಗುತ್ತದೆ. 8-10 ಶೇಕಡಾ ಮುಟ್ಟಿದರೆ ಹೃದಯವೇ ನಿಂತುಬಿಡಬಹುದು. ಈಗ ಕರ್ಚೀಫಿನ ಲೆಕ್ಕ ಹಾಕಿ ನೋಡ್ರಿ. ಫಸ್ಟ್ ಇಯರ್ ಕೆಮಿಸ್ಟ್ರಿಯ ವೇಪರ್ ಪ್ರೆಶರ್ ನೆನಪಿರಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಲೋರೋಫಾರ್ಮ್‌ದು ಸುಮಾರು 158 ಮಿಲಿಮೀಟರ್ ಪಾದರಸ. 760ರಿಂದ ಭಾಗಿಸಿದರೆ ಸುಮಾರು 21 ಶೇಕಡಾ. ಅಂದರೆ ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದರೆ, ಪ್ರಾಣ ತೆಗೆಯುವ ಮಟ್ಟದ ಎರಡು ಪಟ್ಟಿನವರೆಗೆ ಆವಿ ಹೋಗಬಹುದು. ಎಷ್ಟು ಹೋಗುತ್ತದೆ ಅನ್ನುವುದು ಹಿಡಿದವರಿಗೂ ಗೊತ್ತಾಗುವುದಿಲ್ಲ. ನವಲಗುಂದದ ಏಪ್ರಿಲ್ ಬಿಸಿಲಿಗೆ, 40 ಡಿಗ್ರಿ ಹಿಡಿದು, ಇದೇ ಲೆಕ್ಕ ಮಾಡಿದೆ. ಸುಮಾರು 47 ಶೇಕಡಾ ಬಂತು. ಎರಡು ಸಲ ಚೆಕ್ ಮಾಡಿದೆ.

ಹಾಗಾಗಿ ಸ್ನೋ ಕ್ಲೋರೋಫಾರ್ಮ್‌ಗೂ ಇನ್‌ಹೇಲರ್ ಮಾಡಿದರು, 5 ಶೇಕಡಾ ಮೇಲೆ ಹೋಗದಂತೆ. ಅದರ ಜೊತೆಗೆ ಎರಡು ದಾಖಲೆ ಇಟ್ಟರು. ಒಂದು ಅವರ ಕೇಸ್ ಪುಸ್ತಕ. 1848ರಿಂದ ಸಾಯುವವರೆಗೆ ಯಾರಿಗೆ, ಎಲ್ಲಿ, ಏನು ಕೊಟ್ಟೆ, ಹೇಗಾಯಿತು ಅಂತ ದಿನದಿನದ ಬರಹ. ಕ್ಲೋರೋಫಾರ್ಮ್ ಒಂದನ್ನೇ 4,000ಕ್ಕೂ ಹೆಚ್ಚು ಸಲ ಕೊಟ್ಟಿದ್ದರು. ಎರಡನೆಯದು ಬೇರೆಯವರ ಕೈಯಲ್ಲಿ ಆದ ಸಾವುಗಳ ಪಟ್ಟಿ. ಪತ್ರಿಕೆಗಳಿಂದ, ಸಾವಿನ ವಿಚಾರಣೆಗಳಿಂದ ಒಂದೊಂದಾಗಿ ತೆಗೆದು 50 ಸಾವು ಸೇರಿಸಿದರು. ವಯಸ್ಸು, ಯಾವ ಆಪರೇಷನ್, ಎಷ್ಟು ಔಷಧಿ, ಬಟ್ಟೆಯೋ ಯಂತ್ರವೋ, ಎಷ್ಟು ಹೊತ್ತಿಗೆ ಏನಾಯಿತು. ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಾವು ಹ್ಯಾನಾಳಂತೆ ಸಣ್ಣ ಕೆಲಸಕ್ಕೆ ಬಂದವರದು, ಬಹಳಷ್ಟು ಕಡೆ ಬಟ್ಟೆ ಹಿಡಿದಿದ್ದರು, ಮತ್ತು ಸಾವು ಬಂದದ್ದು ಕೆಲವೇ ನಿಮಿಷದಲ್ಲಿ. ಒಂದು ಸಾವನ್ನು ಮಾತ್ರ ನೋಡಿದರೆ ಹಣೆಬರಹ ಅನ್ನಬಹುದಿತ್ತು.

ತಮ್ಮದೇ ಸಾವುಗಳನ್ನೂ ಅವರು ಮುಚ್ಚಿಡಲಿಲ್ಲ. 1856ರಲ್ಲಿ ಅಮಿಲೀನ್ ಎಂಬ ಹೊಸ ಔಷಧಿ ಶುರು ಮಾಡಿದರು. ಇನ್ನೂರಕ್ಕೂ ಹೆಚ್ಚು ಸಲ ಕೊಟ್ಟ ಹೊತ್ತಿಗೆ 1857ರಲ್ಲಿ ಅವರ ಕೈಯಲ್ಲೇ ಇಬ್ಬರು ಸತ್ತರು. ಎರಡನ್ನೂ ಬರೆದು ಪ್ರಕಟಿಸಿ, ಆ ಔಷಧಿ ಬಿಟ್ಟುಬಿಟ್ಟರು. ಆಗ ಅವರು ಇಂಗ್ಲೆಂಡಿನಲ್ಲಿ ಈ ಕೆಲಸದ ಅತಿ ದೊಡ್ಡ ಹೆಸರು. 1853ರಲ್ಲಿ ಮತ್ತು ಅದೇ 1857ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವರು ಇವರೇ. ತಮಾಷೆ ಅಂದರೆ ರಾಣಿಗೆ ಕೊಟ್ಟದ್ದು ಕರ್ಚೀಫಿನಲ್ಲೇ! ಆದರೆ ಸುರಿಯಲಿಲ್ಲ. ಹನಿ ಲೆಕ್ಕ ಹಾಕಿ, ನೋವು ಬಂದಾಗ ಮಾತ್ರ, ಸ್ವಲ್ಪ ಸ್ವಲ್ಪ.

ಇನ್ನು ಕಾಲರಾ. ಈ ಕತೆ ಗೊತ್ತಿರುವವರು ಬೇಗ ಓದಿ ಮುಂದೆ ಹೋಗಿ. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ. ದಿನವೂ ಆವಿಯ ಲೆಕ್ಕ ಮಾಡುವ ಸ್ನೋಗೆ ಅದು ಸರಿ ಕಾಣಲಿಲ್ಲ. ಗಾಳಿಯಲ್ಲಿ ಬಂದರೆ ದೂರ ಹೋದಂತೆ ತೆಳುವಾಗಬೇಕು, ಮತ್ತು ರೋಗ ಶುರುವಾಗುವುದು ಶ್ವಾಸಕೋಶದಲ್ಲಿ ಅಲ್ಲ, ಹೊಟ್ಟೆಯಲ್ಲಿ. 1849ರಲ್ಲೇ ನೀರಿನಿಂದ ಅಂತ ಬರೆದರು, ಯಾರೂ ಒಪ್ಪಲಿಲ್ಲ. 1854ರ ಆಗಸ್ಟ್ ಕೊನೆಗೆ ಅವರ ಮನೆಯ ಹತ್ತಿರದ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಎದ್ದಿತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಸ್ನೋ ಜನನ ಮರಣ ಕಚೇರಿಯಿಂದ ಮೊದಲ ದಿನಗಳ 83 ಸಾವಿನ ವಿಳಾಸ ತೆಗೆದುಕೊಂಡು ಮನೆ ಮನೆ ಬಾಗಿಲು ತಟ್ಟಿದರು. ಕೇಳಿದ್ದು ಒಂದೇ ಪ್ರಶ್ನೆ, ನೀರು ಎಲ್ಲಿಂದ ತರುತ್ತಿದ್ದಿರಿ? ಸತ್ತವರಲ್ಲಿ ಬೇರೆ ಪಂಪಿಗೆ ಹತ್ತಿರ ಇದ್ದವರು 10 ಜನ ಮಾತ್ರ, ಅವರಲ್ಲೂ ಅರ್ಧ ಜನ ಬ್ರಾಡ್ ಸ್ಟ್ರೀಟ್ ನೀರೇ ತರಿಸುತ್ತಿದ್ದರು. ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರು ಬಿಯರ್ ಕುಡಿಯುತ್ತಿದ್ದರಿಂದ ಉಳಿದರು. ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿಕೆ ತೆಗೆಸಿದರು. ಅಷ್ಟರಲ್ಲಿ ರೋಗ ತಾನಾಗಿಯೇ ಇಳಿಯುತ್ತಿತ್ತು ಅನ್ನುವುದನ್ನೂ ಸ್ನೋ ಬರೆದಿದ್ದಾರೆ. ಸ್ಲೈಡಿನಲ್ಲಿ ಇದು ಇರುವುದಿಲ್ಲ.

ನನಗೆ ಮ್ಯಾಪ್‌ಗಿಂತ ಇಷ್ಟ ಆದದ್ದು ಅದೇ ವರ್ಷದ ಇನ್ನೊಂದು ಕೆಲಸ. ಲಂಡನ್‌ನ ದಕ್ಷಿಣ ಭಾಗದಲ್ಲಿ ಒಂದೇ ಓಣಿಗೆ ಎರಡು ಕಂಪನಿಯ ನೀರು ಬರುತ್ತಿತ್ತು. ಒಂದು ಕಂಪನಿ ಊರಿನ ಗಟಾರು ಸೇರುವ ಜಾಗದಿಂದ ನದಿ ನೀರು ಎತ್ತುತ್ತಿತ್ತು, ಇನ್ನೊಂದು ಮೇಲಿನಿಂದ. ತಮ್ಮ ಮನೆಗೆ ಯಾರ ನೀರು ಅಂತ ಬಾಡಿಗೆ ಮನೆಯವರಿಗೆ ಗೊತ್ತಿರಲಿಲ್ಲ. ಸ್ನೋ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರು. ಕೆಳಗಿನ ನೀರಿನಲ್ಲಿ ಉಪ್ಪು ಸುಮಾರು 40 ಪಟ್ಟು ಹೆಚ್ಚು, ತಕ್ಷಣ ಬೆಳ್ಳಗೆ ಆಗುತ್ತಿತ್ತು. ಹತ್ತು ಸಾವಿರ ಮನೆಗೆ ಒಂದು ಕಡೆ 315 ಸಾವು, ಇನ್ನೊಂದು ಕಡೆ 37.

ಇದೆಲ್ಲ ಆದದ್ದು 1837ರಿಂದ ಅಲ್ಲಿ ಸಾವನ್ನು ಕಾರಣದ ಸಮೇತ ಬರೆದಿಡುತ್ತಿದ್ದರಿಂದ. ವಿಲಿಯಂ ಫಾರ್ ಎಂಬುವರು ಆ ಲೆಕ್ಕವನ್ನು ವಾರವಾರ ಅಚ್ಚು ಹಾಕಿಸುತ್ತಿದ್ದರು. ನಮ್ಮ ಅಣ್ಣಿಗೇರಿಯಲ್ಲಿ 2010ರಲ್ಲಿ ಗಟಾರು ತೋಡುವಾಗ ನೂರಾರು ತಲೆಬುರುಡೆ ಸಾಲಾಗಿ ಸಿಕ್ಕವು. ಅಷ್ಟು ಜನ ಯಾವಾಗ ಸತ್ತರು ಅಂತ ತಿಳಿಯಲು ಲ್ಯಾಬಿಗೆ ಕಳಿಸಬೇಕಾಯಿತು. ಅದು ಹಳೇ ಕಾಲ ಬಿಡಿ. 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದುಕೊಟ್ಟದ್ದು 22.5 ಶೇಕಡಾ. ಉಳಿದದ್ದು ನಮ್ಮ ಕಾಕಾನ ಥರ, ಮನೆಯವರು ಹೇಳಿದ್ದು.

1858ರ ಜೂನ್ 10ರಂದು, ಕ್ಲೋರೋಫಾರ್ಮ್ ಪುಸ್ತಕದ ಕೊನೆಯ ಭಾಗ ಬರೆಯುತ್ತಿದ್ದಾಗ ಸ್ನೋಗೆ ಲಕ್ವಾ ಹೊಡೆಯಿತು. ಜೂನ್ 16ಕ್ಕೆ ತೀರಿಕೊಂಡರು. 45 ವರ್ಷ. ಲ್ಯಾನ್ಸೆಟ್ ಪತ್ರಿಕೆ ಒಂದೆರಡು ಸಾಲಿನಲ್ಲಿ ಸುದ್ದಿ ಮುಗಿಸಿತು, ಅದರಲ್ಲಿ ಕಾಲರಾ ಹೆಸರೇ ಇರಲಿಲ್ಲ. ಐವತ್ತು ಸಾವುಗಳ ಪುಸ್ತಕವನ್ನು ಗೆಳೆಯರು ಅದೇ ವರ್ಷ ಹೊರತಂದರು.

ಅವರು ಹೋದ ಮೇಲೆ ಕರ್ಚೀಫ್ ಮತ್ತೆ ಬಂತು. ಕ್ಲೋರೋಫಾರ್ಮ್ ಜಗಳ ನಮ್ಮ ಹತ್ತಿರಕ್ಕೂ ಬಂತು. 1888 ಮತ್ತು 1889ರಲ್ಲಿ ಹೈದರಾಬಾದಿನ ನಿಜಾಮರ ದುಡ್ಡಿನಲ್ಲಿ ಎಡ್ವರ್ಡ್ ಲಾರಿ ಎಂಬ ಡಾಕ್ಟರ್ ಎರಡು ಆಯೋಗ ನಡೆಸಿದರು. ಆಗ ರಾಯಚೂರು, ಕಲಬುರಗಿ, ಬೀದರ್ ಎಲ್ಲ ಅದೇ ಸಂಸ್ಥಾನದಲ್ಲಿ ಇದ್ದವು. ಕ್ಲೋರೋಫಾರ್ಮ್ ನೇರವಾಗಿ ಹೃದಯ ನಿಲ್ಲಿಸುವುದಿಲ್ಲ, ಉಸಿರು ನೋಡಿಕೊಂಡರೆ ಸಾಕು ಅಂತ ನಾಯಿಗಳ ಮೇಲೆ ಪ್ರಯೋಗ ಮಾಡಿ ತೀರ್ಪು ಕೊಟ್ಟರು. ಅದು ತಪ್ಪು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದಂತೆ ಹೃದಯ ನಿಲ್ಲುತ್ತದೆ, ಅದೂ ಕಡಿಮೆ ಡೋಸಿನಲ್ಲೂ, ಅರೆಪ್ರಜ್ಞೆಯಲ್ಲಿದ್ದಾಗ. ಅಂದರೆ ಡೋಸ್ ಹೆಚ್ಚಾದದ್ದೇ ಎಲ್ಲಕ್ಕೂ ಕಾರಣ ಅಂದ ಸ್ನೋ ಲೆಕ್ಕವೂ ಪೂರ್ತಿ ಅಲ್ಲ. ಬಹುಶಃ ಹ್ಯಾನಾ ಸತ್ತದ್ದೂ ಹಂಗೇ ಇರಬಹುದು. ಬರೆದಿಟ್ಟಿದ್ದರಿಂದ ಈಗಲೂ ವಾದ ಮಾಡಬಹುದು.

ದೀಪಾವಳಿಗೆ ಊರಿಗೆ ಹೋದಾಗ ನಾನು, ಅಕ್ಕ ಸೇರಿ ನಮ್ಮ ಓಣಿಯಲ್ಲಿ ಮನೆ ಮನೆಗೆ ಹೋಗಿ ಗುಳಿಗಿ ಡಬ್ಬಿ ನೋಡಿದೆವು. ಒಂದು ನೋಟ್‌ಬುಕ್‌ನಲ್ಲಿ ಯಾರು, ಯಾವ ಗುಳಿಗಿ, ದಿನಕ್ಕೆ ಎಷ್ಟು, ಯಾರು ಕೊಟ್ಟರು ಅಂತ ಬರೆದೆವು. ಕೆಲವರು ಚಹಾ ಕೊಟ್ಟರು, ಒಬ್ಬರು ನೀವ್ಯಾರು ಕೇಳವರು ಅಂತ ಬೈದರು. ಎರಡು ಮನೆಯಲ್ಲಿ ಒಂದೇ ಔಷಧಿ ಎರಡು ಹೆಸರಿನಲ್ಲಿ ಸಿಕ್ಕಿತು. ಎರಡೂ ಸ್ಟ್ರಿಪ್ ಹಿಡಕೊಂಡು ಡಾಕ್ಟರ್ ಹತ್ತಿರ ಹೋಗಿ ತೋರಿಸಿ ಅಂತ ಅಕ್ಕ ಹೇಳಿದಳು. ನಮ್ಮ ಮನೆಯ ಆಯಿ ಮಾತ್ರ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು, ತೋರಿಸಲೇ ಇಲ್ಲ. ಮುಂದಿನ ಸೂಟಿಗೆ ಹೋದಾಗ ನೋಡಬೇಕು.