ವೈದ್ಯ ಜಾರ್ಜ್ ಚೇನ್

ಪರರ ರೋಗವನ್ನು ಪರಿಹರಿಸಬೇಕಾದ ವೈದ್ಯನು ತಾನೇ ರೋಗಿಯಾದರೆ ಲೋಕವು ಅವನನ್ನು ಕಂಡು ನಗುವುದುಂಟು. ಆ ನಗೆಗೆ ಅಂಜದೆ, ತನ್ನ ದೇಹದ ದುಃಸ್ಥಿತಿಯನ್ನೂ ಮನಸ್ಸಿನ ಸಂಕಟವನ್ನೂ ಮುಚ್ಚುಮರೆಯಿಲ್ಲದೆ ಗ್ರಂಥರೂಪದಲ್ಲಿ ಜನರ ಮುಂದಿಟ್ಟ ವೈದ್ಯರು ವಿರಳ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರಖ್ಯಾತನಾಗಿದ್ದ ಜಾರ್ಜ್ ಚೇನ್ ಅಂಥವರಲ್ಲಿ ಒಬ್ಬನು.

ಚೇನ್ ಹುಟ್ಟಿದ್ದು 1671ರ ಸುಮಾರಿಗೆ, ಸ್ಕಾಟ್ಲೆಂಡಿನ ಅಬರ್ಡೀನ್ ಪ್ರಾಂತದಲ್ಲಿ. ಅವನು ಧರ್ಮೋಪದೇಶಕನಾಗಬೇಕೆಂಬುದು ಹಿರಿಯರ ಅಪೇಕ್ಷೆಯಾಗಿತ್ತು. ಆದರೆ ಎಡಿನ್‌ಬರೋ ನಗರದ ಹೆಸರಾಂತ ವೈದ್ಯ ಆರ್ಚಿಬಾಲ್ಡ್ ಪಿಟ್‌ಕೇರ್ನನ ಪ್ರಭಾವಕ್ಕೆ ಒಳಗಾಗಿ ಅವನು ವೈದ್ಯವೃತ್ತಿಯನ್ನು ಆರಿಸಿಕೊಂಡನು. ಅವನ ತಂದೆತಾಯಿಗಳು ಆರೋಗ್ಯವಂತರಾಗಿದ್ದರೂ ಒಂದು ಕಡೆಯ ಬಂಧುವರ್ಗದಲ್ಲಿ ಸ್ಥೂಲಕಾಯವು ವಂಶಪಾರಂಪರ್ಯವಾಗಿ ಬಂದಿತ್ತು. ತಾರುಣ್ಯದಲ್ಲಿ ಚೇನ್ ಮಿತಾಹಾರಿ. ಸದಾ ಪುಸ್ತಕಗಳ ನಡುವೆ ಕುಳಿತಿರುವ ವ್ಯಾಸಂಗಶೀಲ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅವನು ಲಂಡನ್ ನಗರಕ್ಕೆ ಬಂದು ನೆಲೆಸಿದನು. 1702ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವವೂ ದೊರೆಯಿತು. ಆದರೆ ಗೌರವದಿಂದ ಹೊಟ್ಟೆ ತುಂಬುವಂತಿರಲಿಲ್ಲ, ರೋಗಿಗಳು ಬರಬೇಕಾಗಿತ್ತು. ಅಂದಿನ ಲಂಡನ್ನಿನಲ್ಲಿ ಶ್ರೀಮಂತರ ಪರಿಚಯವಾಗುತ್ತಿದ್ದುದು ಪಾನಗೃಹಗಳಲ್ಲಿ. ಚೇನ್ ಅಲ್ಲಿಗೆ ಹೋಗಲಾರಂಭಿಸಿದನು. ಅವನ ವಿನೋದದ ಮಾತು ಎಲ್ಲರಿಗೂ ಮೆಚ್ಚಿಕೆಯಾಯಿತು. ಮಿತ್ರರೊಡನೆ ಮಾಂಸ ಮದ್ಯಗಳ ಸೇವನೆ ನಿತ್ಯದ ರೂಢಿಯಾಯಿತು. ಕೆಲವೇ ವರ್ಷಗಳಲ್ಲಿ ಅವನ ದೇಹ ವಿಪರೀತವಾಗಿ ಕೊಬ್ಬಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಯಾವ ಕಾರ್ಯದಲ್ಲಿಯೂ ಉತ್ಸಾಹವಿಲ್ಲದ ಜಡತೆ.

1705ರ ವೇಳೆಗೆ ವಿಪತ್ತು ಬಂದೊದಗಿತು. ಜ್ವರದಿಂದ ಆರಂಭವಾದ ಕಾಯಿಲೆ ತಲೆಸುತ್ತು, ತಲೆನೋವುಗಳಾಗಿ ಬೆಳೆಯಿತು. ಅದಕ್ಕಿಂತ ಘೋರವಾದುದು ಮನಸ್ಸಿನ ಸ್ಥಿತಿ. ಕಾರಣವಿಲ್ಲದ ಭಯ, ಕೊನೆಯಿಲ್ಲದ ವಿಷಾದ ಅವನನ್ನು ಆವರಿಸಿದುವು. ಪಾನಗೋಷ್ಠಿಯ ಗೆಳೆಯರು ಒಬ್ಬೊಬ್ಬರಾಗಿ ದೂರವಾದರು. ಚೇನ್ ನಗರವನ್ನು ಬಿಟ್ಟು ಹಳ್ಳಿಯನ್ನು ಸೇರಿ, ಏಕಾಂತದಲ್ಲಿ ತನ್ನ ಜೀವನವನ್ನು ಪರಾಮರ್ಶಿಸಿಕೊಂಡನು. ಆಹಾರವನ್ನು ತಗ್ಗಿಸಿದನು. ದೇಹ ಇಳಿಯಿತು, ಆದರೆ ಮನಸ್ಸಿನ ಕತ್ತಲೆ ಪೂರ್ಣವಾಗಿ ಕಳೆಯಲಿಲ್ಲ.

ಆಗ ಕ್ರಾಯ್ಡನ್ ಎಂಬ ಊರಿನ ಟೇಲರ್ ಎಂಬ ವೈದ್ಯನ ವಾರ್ತೆ ಅವನ ಕಿವಿಗೆ ಬಿದ್ದಿತು. ಬಹುಕಾಲ ಅಪಸ್ಮಾರದಿಂದ ನರಳಿದ್ದ ಟೇಲರ್, ಕೇವಲ ಹಾಲನ್ನು ಆಹಾರವಾಗಿ ಸ್ವೀಕರಿಸಿ ಗುಣಹೊಂದಿದ್ದನಂತೆ. ಚೇನ್ ನಡುಚಳಿಗಾಲವನ್ನು ಲೆಕ್ಕಿಸದೆ ಕುದುರೆಯೇರಿ ಅಲ್ಲಿಗೆ ಹೋದನು. ಅವನು ತಲಪಿದಾಗ ಟೇಲರ್ ಊಟಕ್ಕೆ ಕುಳಿತಿದ್ದನು. ಅವನ ಮುಂದೆ ಇದ್ದುದು ಒಂದು ದೊಡ್ಡ ಪಾತ್ರೆಯ ತುಂಬ ಹಸುವಿನ ಹಾಲು ಮಾತ್ರ! ಆ ಆಹಾರದ ಬಲದಿಂದಲೇ ತಾನು ಆರು ಗಂಟೆಗಳ ಕಾಲ ದಣಿಯದೆ ಕ್ರಿಕೆಟ್ ಆಡಬಲ್ಲೆನೆಂದು ಟೇಲರ್ ತಿಳಿಸಿದನು. ಚೇನನಿಗೆ ಧೈರ್ಯ ಬಂದಿತು. ಹಾಲು, ಧಾನ್ಯ, ಗೆಡ್ಡೆಗೆಣಸು, ಹಣ್ಣುಗಳ ಆಹಾರ. ಅದರೊಂದಿಗೆ ಕುದುರೆ ಸವಾರಿಯ ವ್ಯಾಯಾಮ. ಕೆಲವು ತಿಂಗಳಲ್ಲಿ ಅವನ ದೇಹ ಹಗುರವಾಯಿತು; ಮನಸ್ಸು ತಿಳಿಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಸುಲಭದ ಗೆಲುವಾಗುತ್ತಿತ್ತು. ಗುಣವಾದೆನೆಂಬ ನಂಬಿಕೆಯಿಂದ ಚೇನ್ ಕ್ರಮೇಣ ಮಾಂಸ ಮದ್ಯಗಳಿಗೆ ಮರಳಿದನು. ಈ ನಡುವೆ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಬಾತ್ ಪಟ್ಟಣದಲ್ಲಿ ಅವನ ವೃತ್ತಿ ಬೆಳೆದು ಕೀರ್ತಿ ಹರಡಿತು. ಜೊತೆಗೆ ದೇಹವೂ ಬೆಳೆಯಿತು. ಅವನ ತೂಕ ಮೂವತ್ತೆರಡು ಸ್ಟೋನ್, ಎಂದರೆ ಸುಮಾರು 203 ಕಿಲೋಗ್ರಾಂಗಳನ್ನು ಮುಟ್ಟಿತು. ನೂರು ಹೆಜ್ಜೆ ನಡೆಯಬೇಕಾದರೂ, ಕುಳಿತು ವಿಶ್ರಮಿಸಲೆಂದು ಪೀಠವನ್ನು ಹೊತ್ತ ಸೇವಕನೊಬ್ಬನು ಹಿಂದೆಯೇ ಬರಬೇಕಾಗಿತ್ತು. ಹಳೆಯ ವಿಷಾದವೂ ಭಯವೂ ಮರಳಿ ಬಂದುವು. ಆರೋಗ್ಯ ಮತ್ತು ದೀರ್ಘಾಯುಸ್ಸುಗಳನ್ನು ಕುರಿತು 1724ರಲ್ಲಿ ಅವನು ಪ್ರಕಟಿಸಿದ ಪ್ರಬಂಧವನ್ನು ಜನರು ಆದರದಿಂದ ಓದುತ್ತಿದ್ದರು. ಆದರೆ ಅದನ್ನು ಬರೆದವನೇ ರೋಗದಿಂದ ನರಳುತ್ತಿದ್ದನು.

ಚೇನ್ ಎರಡನೆಯ ಸಲ ಹಾಲು ಮತ್ತು ಸಸ್ಯಾಹಾರದ ವ್ರತವನ್ನು ಕೈಗೊಂಡನು. ಈ ಸಲ ಅದನ್ನು ಕೊನೆಯವರೆಗೂ ಪಾಲಿಸಿದನು. ಚೇತರಿಸಿಕೊಂಡ ಮೇಲೆ 1733ರಲ್ಲಿ ಅವನು ಪ್ರಕಟಿಸಿದ ಗ್ರಂಥವೇ 'ಇಂಗ್ಲಿಷ್ ವ್ಯಾಧಿ'. ಖಿನ್ನತೆ ಇಂಗ್ಲಿಷರ ಹುಟ್ಟುಗುಣವೆಂದು ಹೊರದೇಶದವರು ಹಾಸ್ಯಮಾಡುತ್ತಿದ್ದ ಕಾಲವದು. ಆ ನಿಂದೆಯ ಮಾತನ್ನೇ ಚೇನ್ ಗ್ರಂಥದ ಹೆಸರನ್ನಾಗಿ ಮಾಡಿಕೊಂಡನು. ಅತಿಯಾದ ಭೋಜನ, ಸೋಮಾರಿತನ, ಕುಳಿತೇ ಮಾಡುವ ಉದ್ಯೋಗಗಳು, ಜನನಿಬಿಡ ನಗರಗಳ ಕೆಟ್ಟ ಗಾಳಿ ಇವು ಆ ವ್ಯಾಧಿಯ ಕಾರಣಗಳೆಂದು ವಿವರಿಸಿದನು. ಮನಸ್ಸಿನ ಬೇನೆಯೂ ಸಿಡುಬು ಜ್ವರಗಳಂತೆ ಒಂದು ರೋಗವೇ ಹೊರತು ನಾಚಿಕೆಪಡಬೇಕಾದ ದೋಷವಲ್ಲವೆಂದು ಸಾರಿದನು. ಅದಕ್ಕೆ ನಿದರ್ಶನವಾಗಿ ತನ್ನ ಕಥೆಯನ್ನೇ, ತನ್ನ ಪತನ ಮರುಪತನಗಳ ಸಮೇತ, ಗ್ರಂಥದ ಕೊನೆಯ ಭಾಗದಲ್ಲಿ ಸೇರಿಸಿದನು.

ನೋವನ್ನು ಬಲ್ಲವನ ಬಳಿಗೆ ನೊಂದವರು ಬರುವುದು ಸಹಜ. ಪ್ರಸಿದ್ಧ ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಚೇನನ ಮಿತ್ರನೂ ರೋಗಿಯೂ ಆಗಿದ್ದನು. ಮುದ್ರಣಾಲಯದ ಕೆಲಸದಲ್ಲಿ ದಿನವಿಡೀ ಕುಳಿತಿರುತ್ತಿದ್ದ ಆ ಸಂಕೋಚ ಸ್ವಭಾವದವನು ಸ್ಥೂಲಕಾಯದಿಂದಲೂ ನರಗಳ ದೌರ್ಬಲ್ಯದಿಂದಲೂ ಬಳಲುತ್ತಿದ್ದನು. ಚೇನ್ ಅವನಿಗೆ ಪತ್ರಗಳ ಮೂಲಕ ಧೈರ್ಯ ಹೇಳಿದನು. ಮನೆಯೊಳಗೇ ಕುಳಿತು ಕುದುರೆ ಸವಾರಿಯಂತೆ ಮೇಲೆ ಕೆಳಗೆ ಕುಪ್ಪಳಿಸಬಹುದಾದ, ಸ್ಪ್ರಿಂಗುಗಳುಳ್ಳ ಆಸನವೊಂದನ್ನು ಬಳಸುವಂತೆ ಸಲಹೆಯಿತ್ತನು.

ಚೇನನ ಚಿಕಿತ್ಸೆಯೆಲ್ಲವೂ ಇಂದು ಒಪ್ಪತಕ್ಕದ್ದಲ್ಲ. ಅವನ ಕಾಲದ ಇತರ ವೈದ್ಯರಂತೆ ಅವನೂ ವಾಂತಿಯ ಮದ್ದನ್ನೂ ಪಾದರಸದ ಔಷಧಗಳನ್ನೂ ಬಳಸುತ್ತಿದ್ದನು. ಕೇವಲ ಹಾಲು ಎಲ್ಲ ರೋಗಗಳಿಗೂ ಮದ್ದಾಗಲಾರದು. ಆದರೆ ಅವನ ಮುಖ್ಯ ಕಾಣ್ಕೆ ಹುಸಿಯಾಗಲಿಲ್ಲ. ಸ್ಥೂಲಕಾಯದವರಲ್ಲಿ ಖಿನ್ನತೆಯೂ, ಖಿನ್ನತೆಯುಳ್ಳವರಲ್ಲಿ ಸ್ಥೂಲಕಾಯವೂ ಹೆಚ್ಚಾಗಿ ಕಂಡುಬರುವುದೆಂದು ಈಗಿನ ಸಂಶೋಧನೆಗಳು ತೋರಿಸಿವೆ. ಕ್ರಮವಾದ ವ್ಯಾಯಾಮವು ಮನಸ್ಸಿನ ಭಾರವನ್ನು ಇಳಿಸಬಲ್ಲುದೆಂಬುದೂ ಸಿದ್ಧವಾಗಿದೆ. ಸ್ಥೂಲಕಾಯಕ್ಕೆ ಬಾಯಿಚಪಲವೊಂದೇ ಕಾರಣವಲ್ಲ, ಅನುವಂಶಿಕತೆಯೂ ಸೇರಿರುತ್ತದೆ ಎಂಬುದಕ್ಕೆ ಅವನ ಜೀವನವೇ ಸಾಕ್ಷಿ. ಆದಕಾರಣ ದಪ್ಪನಾದವರನ್ನು ಕಂಡು ಅಪಹಾಸ್ಯ ಮಾಡುವುದು ಅಜ್ಞಾನವೂ ಹೌದು, ನಿರ್ದಯತೆಯೂ ಹೌದು.

ಚೇನ್ 1743ರಲ್ಲಿ ಬಾತ್ ಪಟ್ಟಣದಲ್ಲಿ ತೀರಿಕೊಂಡನು. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಮೂವತ್ತರ ಪ್ರಾಯದಲ್ಲಿಯೇ ಬದುಕಿನ ಆಸೆಯನ್ನು ತೊರೆಯಬೇಕಾಗಿದ್ದವನಿಗೆ ಅದು ಅಲ್ಪಾಯುಸ್ಸಲ್ಲ. ಎರಡು ಸಲ ಬಿದ್ದು ಎರಡು ಸಲವೂ ಎದ್ದ ಅವನು, ಬಿದ್ದುದನ್ನು ಮರೆಮಾಚಲಿಲ್ಲ. ಆದುದರಿಂದಲೇ ಬಿದ್ದ ಇತರರಿಗೆ ಆಸರೆಯಾದನು.